ದೇಶದ ಹೆಸರಿನಲ್ಲಿ ಹೋದ ಹುಲ್ಲುಗಾವಲು

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನಲ್ಲಿ, ಅಮೃತಮಹಲ್ ದನಗಳ ಮೇವಿಗೆಂದು ಮೀಸಲಿಟ್ಟ ಕಾವಲುಗಳ ಒಂಬತ್ತು ಸಾವಿರಕ್ಕೂ ಹೆಚ್ಚು ಎಕರೆ ಭೂಮಿ 2007ರ ನಂತರದ ಕೆಲವೇ ವರ್ಷಗಳಲ್ಲಿ ಕೈಬದಲಾಯಿತು. ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒಗೆ 4,290 ಎಕರೆ, ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ 1,810 ಎಕರೆ, ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ 1,500 ಎಕರೆ, ಇಸ್ರೊಗೆ 573 ಎಕರೆ ಮಂಜೂರಾಯಿತು. ಇದೇ ಸಾಲಿನಲ್ಲಿ ಖಾಸಗಿ ಸೌರ ವಿದ್ಯುತ್ ಕಂಪನಿಯೊಂದಕ್ಕೆ 1,250 ಎಕರೆ ಸಿಕ್ಕಿತು. ಕಾವಲನ್ನೇ ನೆಚ್ಚಿಕೊಂಡಿದ್ದ ಊರುಗಳ ಗ್ರಾಮಸಭೆಗಳ ಒಪ್ಪಿಗೆಯನ್ನು ಯಾರೂ ಕೇಳಲಿಲ್ಲ. ದೇಶದ ಭದ್ರತೆ, ದೇಶದ ವಿಜ್ಞಾನ, ದೇಶದ ಸ್ವಾವಲಂಬನೆ ಎಂಬ ಮಾತು ಬಂದ ಕೂಡಲೇ ಉಳಿದ ಪ್ರಶ್ನೆಗಳೆಲ್ಲ ಮುಗಿದುಹೋದವು ಎಂದೇ ಸರ್ಕಾರಗಳು ಭಾವಿಸಿದವು. ಈ ಭಾವನೆಯೇ ತಪ್ಪು. ಪ್ರಜೆಗಳನ್ನು ಕೇಳದೆ ಪ್ರಜೆಗಳ ಹೆಸರಿನಲ್ಲಿ ಚಲಾಯಿಸುವ ಅಧಿಕಾರವನ್ನು ರಾಷ್ಟ್ರದ ಸಾರ್ವಭೌಮತೆ ಎಂದು ಕರೆಯುವುದು ಇಂದು ಲೋಕವೆಲ್ಲ ಹಬ್ಬಿರುವ ರೋಗ, ಮತ್ತು ಅದು ಬಯಲುಸೀಮೆಯನ್ನು ಮುಟ್ಟಿ ಬಹಳ ಕಾಲವಾಗಿದೆ.

ಕಾವಲಿಗೂ ಸೈನ್ಯಕ್ಕೂ ನಂಟು ಹೊಸದಲ್ಲ. ಮೈಸೂರು ಒಡೆಯರ ಕಾಲದ ಬೆಣ್ಣೆ ಚಾವಡಿಯ ದನಗಳು ಹೈದರಾಲಿಯ ಕಾಲಕ್ಕೆ ಫಿರಂಗಿ ಗಾಡಿ ಎಳೆದವು. ಅವುಗಳ ಇಲಾಖೆಗೆ ಅಮೃತಮಹಲ್ ಎಂದು ಹೆಸರಿಟ್ಟವನು ಟಿಪ್ಪು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಬ್ರಿಟಿಷರೂ ಈ ಮಂದೆಗಳನ್ನು ಬಿಡಲಿಲ್ಲ. ಅವರ ಸೈನ್ಯದ ಸಾಮಾನು ಸರಂಜಾಮು ಹೊತ್ತದ್ದೂ ಇವೇ ಎತ್ತುಗಳು. ಒಂದು ಕಾಲಕ್ಕೆ ನಾಲ್ಕು ಲಕ್ಷ ಎಕರೆಯಷ್ಟಿದ್ದ ಕಾವಲು ಸಾಗುವಳಿಗೆ, ಮಂಜೂರಾತಿಗೆ, ಒತ್ತುವರಿಗೆ ಕರಗುತ್ತ ಬಂತು. ತಳಿಯನ್ನು ಉಳಿಸುವ ಸರ್ಕಾರಿ ಕೆಲಸ ಅಜ್ಜಂಪುರದ ಕೇಂದ್ರದ ಸುತ್ತ ಸಣ್ಣದಾಯಿತು. ಸರ್ಕಾರದ ಮಂದೆ ಕಡಿಮೆಯಾದಂತೆ ಸುತ್ತಲಿನ ಹಟ್ಟಿಗಳ ದನಕುರಿ ಮೇಯುವ ರೂಢಿ ಗಟ್ಟಿಯಾಯಿತು. ಹೀಗೆ ರಾಜ್ಯದ ರಕ್ಷಣೆಗೆ ಬೇಕಾದ ಹುಲ್ಲೂ ಊರಿನ ಬದುಕಿಗೆ ಬೇಕಾದ ಹುಲ್ಲೂ ಒಂದೇ ನೆಲದಲ್ಲಿ ಬೆಳೆದವು. ಎರಡರಲ್ಲಿ ಒಂದನ್ನೇ ಆರಿಸಬೇಕು ಎಂಬ ವಾದಕ್ಕೆ ಇತಿಹಾಸದ ಆಧಾರವಿಲ್ಲ.

ಪಹಣಿಯಲ್ಲಿ ಈ ಭೂಮಿ ಸರ್ಕಾರದ್ದು. ಕಚೇರಿಯಲ್ಲಿ ಕುಳಿತು ನೋಡುವವರಿಗೆ ಬೆಳೆಯಿಲ್ಲದ, ಮನೆಯಿಲ್ಲದ, ಖಾಲಿ ಬಯಲು. ಅಲ್ಲಿ ನಡೆಯುವ ಆರ್ಥಿಕತೆ ಮಾತ್ರ ಖಾಲಿಯಲ್ಲ. ಮುಂಗಾರು ಬಿದ್ದು ಹೊಲದಲ್ಲಿ ಶೇಂಗಾ ನಿಂತಿರುವ ತಿಂಗಳುಗಳಲ್ಲಿ ಕುರಿ ಹಿಂಡನ್ನು ಯಾವ ಹೊಲಕ್ಕೂ ಬಿಡುವಂತಿಲ್ಲ. ಆಗ ಕಾವಲೇ ಗತಿ. ಕೊಯ್ಲು ಮುಗಿದ ಮೇಲೆ ಅದೇ ಹಿಂಡನ್ನು ಕರೆದು ಹೊಲದಲ್ಲಿ ಮಂದೆ ಹಾಕಿಸುತ್ತಾರೆ, ಹಿಕ್ಕೆ ಗೊಬ್ಬರವಾಗುತ್ತದೆ. ಕತ್ತರಿಸಿದ ಉಣ್ಣೆಯನ್ನು ಹೆಂಗಸರು ನೂಲುತ್ತಾರೆ, ಹಾಸಿನ ನೂಲಿಗೆ ಹುಣಸೆ ಬೀಜದ ಗಂಜಿ ಹಚ್ಚಿ ಒಣಗಿಸಿ ಮಗ್ಗಕ್ಕೇರಿಸುತ್ತಾರೆ, ಚಳ್ಳಕೆರೆಯ ಕರಿ ಕಂಬಳಿ ಹುಟ್ಟುವುದು ಹೀಗೆ. ಹುಲ್ಲಿನಿಂದ ಕಂಬಳಿಯವರೆಗಿನ ಈ ಸರಣಿಯಲ್ಲಿ ಮೊದಲ ಕೊಂಡಿ ಕಳಚಿದರೆ ಕೊನೆಯದಕ್ಕೆ ಪರಿಹಾರ ಕೊಡುವ ಕಾಲಂ ಯಾವ ಅರ್ಜಿಯಲ್ಲೂ ಇಲ್ಲ. ಸರ್ಕಾರದ ಜಮೀನನ್ನು ಸರ್ಕಾರವೇ ಕೊಟ್ಟದ್ದರಿಂದ ಭೂಸ್ವಾಧೀನದ ಪ್ರಶ್ನೆಯೇ ಏಳಲಿಲ್ಲ, ಕುರಿಗಾಹಿಗೆ ನೋಟಿಸೂ ಬರಲಿಲ್ಲ.

ಈ ಸೀಮೆಯ ಪಶುಪಾಲಕರಾದ ಮ್ಯಾಸ ನಾಯಕರ ದೇವರ ಎತ್ತುಗಳ ಸಂಗತಿ ಇನ್ನೂ ಸೂಕ್ಷ್ಮ. ಈ ಎತ್ತುಗಳನ್ನು ನೊಗಕ್ಕೆ ಕಟ್ಟುವುದಿಲ್ಲ, ಮಾರುವುದಿಲ್ಲ, ಸತ್ತರೆ ಮಣ್ಣು ಮಾಡುತ್ತಾರೆ. ಅವುಗಳನ್ನು ನೋಡಿಕೊಳ್ಳುವ ಕಿಲಾರಿಗೆ ಸ್ವಂತ ಹುಲ್ಲುಗಾವಲಿಲ್ಲ, ದೇವರಿಗೂ ಇಲ್ಲ. ಬೇಸಿಗೆ ಬಂದರೆ ಚಳ್ಳಕೆರೆ, ಮೊಳಕಾಲ್ಮುರು ಸೀಮೆಯಲ್ಲಿ ದೇವರ ಎತ್ತುಗಳಿಗೆ ಮೇವಿಲ್ಲ ಎಂಬ ಕೂಗು ಏಳುತ್ತದೆ, ಯಾರೋ ಪುಣ್ಯಾತ್ಮರು ಲಾರಿಯಲ್ಲಿ ಹುಲ್ಲು ಕಳಿಸುತ್ತಾರೆ. ಸಾವಿರಾರು ಎಕರೆ ಹುಲ್ಲಿನ ಪಕ್ಕದಲ್ಲಿ ಬದುಕುತ್ತಿದ್ದ ಜನ ಹುಲ್ಲಿಗಾಗಿ ದಾನ ಬೇಡುವಂತಾಗುವುದು ನಾಡಿಗೆ ಗೌರವ ತರುವ ಸಂಗತಿಯಲ್ಲ. ಗೋವಿನ ಹೆಸರಿನಲ್ಲಿ ಮತ ಕೇಳುವ ರಾಷ್ಟ್ರವಾದಕ್ಕಂತೂ ಇದು ಮೊದಲು ಕಾಣಬೇಕಿತ್ತು.

ಪ್ರಾತಿನಿಧ್ಯದ ಪ್ರಶ್ನೆಯೂ ಇದೆ. ಚಳ್ಳಕೆರೆ, ಮೊಳಕಾಲ್ಮುರು ಎರಡೂ 2008ರಿಂದ ಪರಿಶಿಷ್ಟ ಪಂಗಡಕ್ಕೆ ಮೀಸಲಾದ ವಿಧಾನಸಭಾ ಕ್ಷೇತ್ರಗಳು. ಕ್ಷೇತ್ರ ಮೀಸಲಿಡುವಷ್ಟು ಜನಸಂಖ್ಯೆ ನಾಯಕ ಸಮುದಾಯಕ್ಕಿದೆ ಎಂದು ಸಂವಿಧಾನದ ವ್ಯವಸ್ಥೆಯೇ ಒಪ್ಪಿದೆ. ಆದರೆ ಕರ್ನಾಟಕದಲ್ಲಿ ಐದನೇ ಅನುಸೂಚಿಯ ಪ್ರದೇಶವೇ ಇಲ್ಲದ್ದರಿಂದ, ಅಂಥ ಪ್ರದೇಶಗಳ ಗ್ರಾಮಸಭೆಗಳಿಗೆ 1996ರ ಪೆಸಾ ಕಾಯಿದೆ ಕೊಡುವ ಅಧಿಕಾರ ಇಲ್ಲಿನ ಹಟ್ಟಿಗಳಿಗೆ ಸಿಗುವುದಿಲ್ಲ. ಶಾಸಕರನ್ನು ಆರಿಸುವ ಹಕ್ಕುಂಟು, ಊರ ಹಿಂದಿನ ಬಯಲಿನ ಬಗ್ಗೆ ಬೇಡ ಎನ್ನುವ ಹಕ್ಕಿಲ್ಲ.

ಎದುರಾಳಿ ವಾದವನ್ನು ಅದರ ಪೂರ್ಣ ಬಲದಲ್ಲಿಯೇ ನೋಡಬೇಕು. ಮಾನವರಹಿತ ವಿಮಾನಗಳನ್ನು ಪರೀಕ್ಷಿಸಲು ವಿಶಾಲ ಬಯಲು, ತೆರೆದ ಆಕಾಶ, ವಿರಳ ಜನವಸತಿ ಬೇಕು. ಮಳೆ ಕಡಿಮೆಯ ಚಳ್ಳಕೆರೆಯಲ್ಲಿ ಇವೆಲ್ಲ ಇವೆ. ರುಸ್ತುಂ-2 ಡ್ರೋನ್ ಮೊದಲು ಹಾರಿದ್ದು ಇಲ್ಲಿಂದ, 2016ರ ನವೆಂಬರ್‌ನಲ್ಲಿ. ಡಿಆರ್‌ಡಿಒದ ವೈಮಾನಿಕ ಪರೀಕ್ಷಾ ವಲಯ ವಿಧ್ಯುಕ್ತವಾಗಿ ಆರಂಭವಾದದ್ದು 2017ರ ಮೇ ತಿಂಗಳಲ್ಲಿ. ಇಸ್ರೊದ ಮರುಬಳಕೆಯ ಉಡಾವಣಾ ವಾಹನ 2023ರ ಏಪ್ರಿಲ್‌ನಲ್ಲಿ ಒಮ್ಮೆ, 2024ರಲ್ಲಿ ಎರಡು ಸಲ ಇಲ್ಲಿನ ಓಡುದಾರಿಯಲ್ಲಿ ತಾನಾಗಿ ಇಳಿಯಿತು. ಕುದಾಪುರದ ಕ್ಯಾಂಪಸ್ಸಿನಲ್ಲಿ ವಿಜ್ಞಾನ ಶಿಕ್ಷಕರಿಗೆ ತರಬೇತಿ ನಡೆಯುತ್ತಿದೆ. ಇವು ನಿಜವಾದ ಸಾಧನೆಗಳು, ಗಡಿಯ ಅಪಾಯಗಳೂ ನಿಜ.

ಆದರೆ ದೇಶಕ್ಕೆ ಬೇಕು ಎಂಬುದರಿಂದ ಊರನ್ನು ಕೇಳಬೇಕಾಗಿಲ್ಲ ಎಂಬ ತೀರ್ಮಾನ ಹೊರಡುವುದಿಲ್ಲ. ರಕ್ಷಣಾ ಸಂಸ್ಥೆಯ ಓಡುದಾರಿಗೂ ಖಾಸಗಿ ಕಂಪನಿಯ ಸೌರಫಲಕಕ್ಕೂ ಒಂದೇ ಗುಡಾಣದಿಂದ ಭೂಮಿ ಹೋಯಿತೆಂದರೆ, ಭದ್ರತೆ ಒಂದೇ ಮಾನದಂಡವಾಗಿರಲಿಲ್ಲ ಎಂಬುದು ಸ್ಪಷ್ಟ. ಅಪಾಯದ ಪಾಲನ್ನಂತೂ ಊರುಗಳೇ ಹೊತ್ತಿವೆ: 2019ರ ಸೆಪ್ಟೆಂಬರ್‌ನಲ್ಲಿ ಜೋಡಿಚಿಕ್ಕೇನಹಳ್ಳಿಯ ಬಳಿ, 2023ರ ಆಗಸ್ಟ್‌ನಲ್ಲಿ ಹಿರಿಯೂರು ತಾಲ್ಲೂಕಿನ ವದ್ದಿಕೆರೆ ಬಳಿ ಪರೀಕ್ಷಾರ್ಥ ಡ್ರೋನ್‌ಗಳು ಜಮೀನಿಗೆ ಬಂದು ಬಿದ್ದವು. ತಲೆಯ ಮೇಲೆ ಹಾರುವುದನ್ನು ಸಹಿಸಿಕೊಳ್ಳಬೇಕಾದವರಿಗೆ ನೆಲದ ಬಗ್ಗೆ ಮಾತನಾಡುವ ಹಕ್ಕು ಎಲ್ಲರಿಗಿಂತ ಹೆಚ್ಚು.

ಕಾವಲಿನ ಮಂಜೂರಾತಿಯ ವ್ಯಾಜ್ಯ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಚೆನ್ನೈ ಪೀಠಕ್ಕೆ ಹೋಯಿತು. 2014ರ ಆಗಸ್ಟ್‌ನಲ್ಲಿ ತೀರ್ಪು ಬಂತು, ಯೋಜನೆಗಳು ನಿಲ್ಲಲಿಲ್ಲ. ಅದಕ್ಕೆ ಮೂರು ವರ್ಷ ಮೊದಲು, 2011ರ ಜನವರಿಯಲ್ಲಿ, ಜಗ್‌ಪಾಲ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಊರೊಟ್ಟಿನ ಭೂಮಿಗಳ ಒತ್ತುವರಿಯನ್ನು ತೆರವುಗೊಳಿಸಿ ಊರಿನ ಬಳಕೆಗೆ ಮರಳಿಸಬೇಕೆಂದು ಎಲ್ಲ ರಾಜ್ಯಗಳಿಗೂ ಹೇಳಿತ್ತು. 2013ರಲ್ಲಿ ನಿಯಮಗಿರಿಯ ಗಣಿಯನ್ನು ಒಡಿಶಾದ ಗ್ರಾಮಸಭೆಗಳ ಮುಂದಿಡುವಂತೆ ಅದೇ ನ್ಯಾಯಾಲಯ ಆದೇಶಿಸಿದಾಗ ಹನ್ನೆರಡೂ ಗ್ರಾಮಸಭೆಗಳು ಬೇಡವೆಂದವು, ಗಣಿ ನಿಂತಿತು. ಹಾಗೆ ಕೇಳಿದ್ದರಿಂದ ದೇಶ ದುರ್ಬಲವಾಗಲಿಲ್ಲ.

ಜನರನ್ನು ಕೇಳದ ಅಧಿಕಾರವನ್ನೇ ಸಾರ್ವಭೌಮತೆ ಎಂದುಕೊಳ್ಳುವ ಗೊಂದಲ ಪಾಶ್ಚಾತ್ಯ ಪ್ರಜಾಪ್ರಭುತ್ವಗಳಲ್ಲಿ ಬೇರೆ ವೇಷದಲ್ಲಿದೆ. ಬ್ರಸೆಲ್ಸ್‌ನ ಯುರೋಪಿಯನ್ ಒಕ್ಕೂಟದಿಂದ ಅಧಿಕಾರವನ್ನು ಮರಳಿ ಪಡೆಯುತ್ತೇವೆ ಎಂದು ಹೇಳಿ 2016ರ ಜೂನ್ 23ರಂದು ಶೇ 51.9 ಮತ ಗಳಿಸಿದ ಬ್ರೆಕ್ಸಿಟ್ ಪಕ್ಷಪಾತಿಗಳು ಬ್ರಿಟಿಷ್ ಸಂಸತ್ತಿನ ಪರಮಾಧಿಕಾರದ ಹೆಸರು ಹೇಳುತ್ತಿದ್ದರು. ಅವರದೇ ಸರ್ಕಾರ 2019ರಲ್ಲಿ ಸಂಸತ್ತಿನ ಬಾಗಿಲನ್ನೇ ವಾರಗಟ್ಟಲೆ ಮುಚ್ಚಲು ಹೊರಟಿತು. ಅದು ಕಾನೂನುಬಾಹಿರವೆಂದು ಅಲ್ಲಿನ ಸುಪ್ರೀಂ ಕೋರ್ಟ್ ಸರ್ವಾನುಮತದಿಂದ ತೀರ್ಪಿತ್ತಿತು. ಒಕ್ಕೂಟದಲ್ಲೇ ಉಳಿಯೋಣ ಎಂದು ಶೇ 62ರಷ್ಟು ಮತ ಹಾಕಿದ್ದ ಸ್ಕಾಟ್ಲೆಂಡ್‌ನ ಮಾತು ಲೆಕ್ಕಕ್ಕೆ ಬರಲಿಲ್ಲ. ಅಮೆರಿಕದಲ್ಲಿ ಸ್ಟ್ಯಾಂಡಿಂಗ್ ರಾಕ್‌ನ ಸಿಯೂ ಜನ ತಮ್ಮ ನೀರಿನ ಸೆಲೆಗೆ ಅಪಾಯವೆಂದು ವಿರೋಧಿಸಿದ ತೈಲ ಕೊಳವೆಗೆ ಟ್ರಂಪ್ ಮೊದಲ ಸಲ ಅಧಿಕಾರಕ್ಕೆ ಬಂದ ನಾಲ್ಕೇ ದಿನಕ್ಕೆ ದಾರಿ ಮಾಡಿಕೊಟ್ಟರು. ಹಂಗರಿಯ ಒರ್ಬಾನ್ ಸರ್ಕಾರ 2023ರ ಕೊನೆಗೆ ಸಾರ್ವಭೌಮತೆಯ ರಕ್ಷಣೆಗೆಂದೇ ಕಾಯಿದೆ ಮಾಡಿ, ಪ್ರಶ್ನೆ ಕೇಳುವ ಸಂಘಸಂಸ್ಥೆಗಳನ್ನು, ಪತ್ರಿಕೆಗಳನ್ನು ತಪಾಸಣೆಗೊಡ್ಡುವ ಕಚೇರಿ ತೆರೆಯಿತು. ಎಲ್ಲ ಕಡೆಯೂ ಜನರ ಹೆಸರಿನಲ್ಲಿ ಮೇಲಿನವರ ಕೈ ಬಲವಾಯಿತು, ಕೆಳಗಿನ ಸಭೆಗಳ ಬಾಯಿ ಕಟ್ಟಿತು.

ಅದೇ ಪಶ್ಚಿಮದಲ್ಲಿ ಚಳ್ಳಕೆರೆ ಕಲಿಯಬೇಕಾದ ಬೇರೊಂದು ಕಥೆಯಿದೆ. ದಕ್ಷಿಣ ಫ್ರಾನ್ಸಿನ ಲಾರ್ಜಾಕ್ ಕೂಡ ಒಣ ಪ್ರಸ್ಥಭೂಮಿ, ಕುರಿ ಸಾಕುವವರ ಸೀಮೆ. ರೋಕ್‌ಫೋರ್ ಚೀಸ್‌ಗೆ ಹಾಲು ಕೊಡುವುದು ಆ ಕುರಿಗಳೇ. 1971ರಲ್ಲಿ ರಕ್ಷಣಾ ಸಚಿವ ಮಿಶೆಲ್ ದೆಬ್ರೆ ಅಲ್ಲಿನ 3,000 ಹೆಕ್ಟೇರ್ ಸೇನಾ ಶಿಬಿರವನ್ನು 17,000 ಹೆಕ್ಟೇರಿಗೆ ಹಿಗ್ಗಿಸುವುದಾಗಿ ಸಾರಿದರು. 103 ರೈತರು ಒಂದಡಿಯನ್ನೂ ಬಿಡೆವೆಂದು ಪ್ರತಿಜ್ಞೆ ಮಾಡಿದರು, ಪ್ಯಾರಿಸ್ಸಿಗೆ ಕುರಿ ತಂದು ಐಫೆಲ್ ಗೋಪುರದ ಬುಡದಲ್ಲಿ ಮೇಯಿಸಿದರು, ಹತ್ತು ವರ್ಷ ಪಟ್ಟು ಬಿಡಲಿಲ್ಲ. 1981ರಲ್ಲಿ ಅಧ್ಯಕ್ಷರಾದ ಮಿತರಾಂ ಯೋಜನೆಯನ್ನು ಕೈಬಿಟ್ಟರು. ಶಿಬಿರಕ್ಕಾಗಿ ಆಗಲೇ ಕೊಂಡಿದ್ದ ಜಮೀನನ್ನು ಸರ್ಕಾರ 1985ರಲ್ಲಿ ರೈತರೇ ನಡೆಸುವ ಸಂಘಕ್ಕೆ ದೀರ್ಘಾವಧಿ ಗುತ್ತಿಗೆಗೆ ಕೊಟ್ಟಿತು. ಒಡೆತನ ಸರ್ಕಾರದ್ದೇ, ಆಡಳಿತ ಊರಿನದು. ಹಳೆಯ ಶಿಬಿರವೂ ಹೋಗಲಿಲ್ಲ. ಅಣ್ವಸ್ತ್ರ ಇಟ್ಟುಕೊಂಡ ದೇಶವೇ ಕುರಿಗಾಹಿಗಳ ಮಾತಿಗೆ ತಲೆಬಾಗಿತು, ಅದರ ಸಾರ್ವಭೌಮತೆಗೆ ಕುಂದು ಬರಲಿಲ್ಲ.

ಚಳ್ಳಕೆರೆಯಲ್ಲಿ ಕಟ್ಟಿದ ಓಡುದಾರಿಯನ್ನು ಕಿತ್ತುಹಾಕಿ ಎಂದು ಯಾರೂ ಕೇಳಬೇಕಿಲ್ಲ. ಮಂಜೂರಾದ ಭೂಮಿಯಲ್ಲಿ ಎಷ್ಟು ಬಳಕೆಯಾಗಿದೆ, ಎಷ್ಟು ಸುಮ್ಮನೆ ಗೋಡೆಯೊಳಗೆ ಬಿದ್ದಿದೆ ಎಂಬ ಲೆಕ್ಕವನ್ನು ಜಿಲ್ಲಾಡಳಿತ ಗ್ರಾಮಸಭೆಗಳ ಮುಂದಿಡಬೇಕು. ಇಷ್ಟನ್ನು ಹೇಳಿದರೆ ಯಾವ ರಹಸ್ಯವೂ ಬಯಲಾಗುವುದಿಲ್ಲ. ಸಂಸ್ಥೆಗಳು ಬಳಸದ ಅಂಚಿನ ಹುಲ್ಲುಗಾವಲನ್ನು ಋತುಮಾನಕ್ಕೆ ತಕ್ಕಂತೆ ಮೇವಿಗೆ ತೆರೆಯಬೇಕು, ಗೋಡೆ ಅಡ್ಡವಾದ ಕಡೆ ಹಿಂಡು ಹಾದುಹೋಗಲು ದಾರಿ, ಕುಡಿಯಲು ನೀರಿನ ತೊಟ್ಟಿ ಕೊಡಬೇಕು. ಕಂಪನಿಗೆ ಕೊಟ್ಟ ಭೂಮಿಯ ಮಂಜೂರಾತಿಯನ್ನು ಬೇರೆಯಾಗಿ ಮರುಪರಿಶೀಲಿಸಬೇಕು, ಏಕೆಂದರೆ ಅಲ್ಲಿ ಗಡಿ ಕಾಯುವ ಮಾತೇ ಇಲ್ಲ. ಅರಣ್ಯದ ವ್ಯಾಖ್ಯೆಗೆ ಬರುವ ಕಾವಲುಗಳಲ್ಲಿ ಮೇಯಿಸುವ ಹಕ್ಕನ್ನು, ಅಲೆಮಾರಿ ಪಶುಪಾಲಕರ ಋತುಮಾನದ ಬಳಕೆಯನ್ನು 2006ರ ಅರಣ್ಯ ಹಕ್ಕು ಕಾಯಿದೆ ಹೆಸರು ಹಿಡಿದೇ ಗುರುತಿಸಿದೆ. ಸಮುದಾಯದ ಅರ್ಜಿಗಳನ್ನು ಗ್ರಾಮಸಭೆಗಳು ಕರೆಯಲಿ, ಉಪವಿಭಾಗ ಸಮಿತಿ ಅವನ್ನು ಕೊಳೆಹಾಕದೆ ಪರಿಶೀಲಿಸಿ ಜಿಲ್ಲಾ ಸಮಿತಿಯ ತೀರ್ಮಾನಕ್ಕೆ ಕಳಿಸಲಿ. ಉಳಿದಿರುವ ಕಾವಲಿನ ಒಂದೊಂದು ಸರ್ವೆ ನಂಬರನ್ನೂ ಅಳೆದು, ಗಡಿಕಲ್ಲು ನೆಟ್ಟು, ಅದನ್ನು ಬೇರೆ ಬಳಕೆಗೆ ಕೊಡುವ ಮೊದಲು ಆ ಊರಿನ ಗ್ರಾಮಸಭೆಯ ನಿರ್ಣಯ ಕಡ್ಡಾಯ ಎಂದು ಭೂಕಂದಾಯ ನಿಯಮಗಳಲ್ಲೇ ಸೇರಿಸುವುದು ವಿಧಾನಸೌಧದ ಕೈಯಲ್ಲಿದೆ. ಅದಕ್ಕೆ ದೆಹಲಿಯ ಅನುಮತಿ ಬೇಕಾಗಿಲ್ಲ.