ಬಲಿತ ಕತ್ತಾಳೆಯ ಜೇನುನೀರು

ಹೋದ ತಿಂಗಳು ನನ್ನ ನಾದಿನಿ ಬೆಂಗಳೂರಿನಿಂದ ಬರುವಾಗ ಒಂದು ಬಾಟಲಿ ತಂದಳು. "ಅತ್ತಿಗೆ, ಇದು ಅಗೇವ್ ಸಿರಪ್ಪು. ಸಕ್ಕರೆ ಅಲ್ಲ, ಗಿಡದ ರಸ. ಅಮ್ಮನ ಕಾಫಿಗೆ ಧಾರಾಳವಾಗಿ ಹಾಕಿ" ಅಂದಳು. ಸಕ್ಕರೆ ಕಾಯಿಲೆಯಿಂದ 10 ವರ್ಷ ಸಪ್ಪೆ ಕಾಫಿ ಕುಡಿದ ನಮ್ಮತ್ತೆಯವರ ಮುಖ ಅರಳಿಬಿಟ್ಟಿತು.

ಅಗೇವ್ ಅಂದರೆ ಏನು ಅಂದುಕೊಂಡಿರಿ? ನಮ್ಮ ಬೇಲಿಸಾಲಿನ ಕತ್ತಾಳೆಯ ಕುಲವೇ! ಅದರ ತವರು ಮೆಕ್ಸಿಕೋ. ಕತ್ತಾಳೆ ಹೂ ಬಿಡುವುದು ಆಯುಷ್ಯದಲ್ಲಿ ಒಂದೇ ಸಲ, ಆಮೇಲೆ ಸಾಯುತ್ತದೆ. ಆ ಒಂದು ಸಲಕ್ಕೆಂದೇ ವರ್ಷಗಟ್ಟಲೆ ಕೂಡಿಡುತ್ತದೆ, ನಾವು ಮಗಳ ಮದುವೆಗೆ ಚೀಟಿ ಕಟ್ಟಿದ ಹಾಗೆ. ಕೂಡಿಡುವುದು ಫ್ರಕ್ಟಾನ್ ಎಂಬ ವಸ್ತು. ಹಣ್ಣಿನ ಸಕ್ಕರೆಯ ಕಣಗಳು ಸರಪಳಿಯಾಗಿ ಸೇರಿದ್ದು. ಈರುಳ್ಳಿ, ಬೆಳ್ಳುಳ್ಳಿಯಲ್ಲೂ ಇದೆ. ನಮಗೆ ಇದು ಜೀರ್ಣವಾಗದು, ಆದರೆ ದೊಡ್ಡ ಕರುಳಿನ ಒಳ್ಳೆಯ ಸೂಕ್ಷ್ಮಜೀವಿಗಳಿಗೆ ಊಟ.

ಎಳೆ ಗಿಡದಲ್ಲಿ ಬಿಡಿ ಸಕ್ಕರೆ ಜಾಸ್ತಿ, ಸರಪಳಿ ಗಿಡ್ಡ. ಬಲಿತಂತೆಲ್ಲ ಫ್ರಕ್ಟಾನ್ ಹೆಚ್ಚುತ್ತದೆ, ಸರಪಳಿಯೂ ಉದ್ದವಾಗುತ್ತದೆ. (ಎಳೆ ಕಬ್ಬಿನ ಬೆಲ್ಲ ಸರಿಯಾಗಿ ಅಚ್ಚು ಕಟ್ಟೋದಿಲ್ಲ ಅಂತ ನಮ್ಮ ಆಲೆಮನೆಯವರೂ ಹೇಳ್ತಾರಲ್ಲ!) ಆದರೆ ಹೂವಿನ ದಂಡು ಎದ್ದಿತೋ, ಕೂಡಿಟ್ಟದ್ದನ್ನೆಲ್ಲ ಒಡೆದು ಅದಕ್ಕೇ ಉಣಿಸಿಬಿಡುತ್ತದೆ. ಅದಕ್ಕೇ ಅಲ್ಲಿಯವರು ಗಿಡವನ್ನು ಎಂಟು-ಹತ್ತು ವರ್ಷ ಕಾದು, ದಂಡು ಏಳುವ ಮುಂಚೆ ನಡುವಿನ ಸುಳಿ ಕೊಯ್ದು ಗುಳಿ ಮಾಡುತ್ತಾರೆ. ದಿನಕ್ಕೆ ಎರಡು ಹೊತ್ತು, ಹಸು ಕರೆದಂತೆ, ರಸ ತೆಗೆದು ಗುಳಿ ಕೆರೆಯುತ್ತಾರೆ. ತಿಂಗಳುಗಟ್ಟಲೆ ಒಸರುತ್ತದೆ. ಅದರ ಹೆಸರು ಅಗ್ವಾಮಿಯೆಲ್, ಅಂದರೆ ಜೇನುನೀರು. ಇದರಲ್ಲೂ ಫ್ರಕ್ಟಾನ್ ಜೊತೆಗೆ ಮಾಮೂಲಿ ಸಕ್ಕರೆ ಇದ್ದೇ ಇದೆ.

ಬಾಟಲಿಯ ಸಿರಪ್ಪಿನ ಕತೆಯೇ ಬೇರೆ. ಬಲಿತ ಗಿಡದ ದಿಂಡನ್ನು ಹಿಂಡಿ, ಕಾಯಿಸಿಯೋ ಕಿಣ್ವ ಹಾಕಿಯೋ ಆ ಸರಪಳಿಗಳನ್ನು ಕಡಿದುಬಿಡುತ್ತಾರೆ. ಉಳಿಯುವುದು ಬಹುಪಾಲು ಹಣ್ಣಿನ ಸಕ್ಕರೆ. ವರ್ಷಗಟ್ಟಲೆ ಕಾದು ಗಳಿಸಿದ ಗುಣ ಒಂದೇ ದಿನಕ್ಕೆ ಹೋಯಿತು! ರಕ್ತದ ಸಕ್ಕರೆ ತಕ್ಷಣ ಅಷ್ಟು ಏರದಿರಬಹುದು, ಆದರೆ ಹೆಚ್ಚಾದರೆ ಯಕೃತ್ತಿಗೆ ಭಾರ. ನಮ್ಮ ಡಾಕ್ಟರೂ "ಇದನ್ನು ಸಕ್ಕರೆಯ ಲೆಕ್ಕಕ್ಕೇ ಹಿಡೀರಿ" ಅಂದರು. ನಾದಿನಿಗೆ ಹೇಳಿದ್ದಕ್ಕೆ ಎರಡು ದಿನ ಮಾತಿಲ್ಲ.

ಹಾಗಂತ ಬೇಲಿಯ ಕತ್ತಾಳೆ ಕಡಿದು ರುಚಿ ನೋಡಲು ಹೋಗಬೇಡಿ. ಎಲೆಯ ರಸ ತಗುಲಿದರೆ ಮೈಯೆಲ್ಲ ತುರಿಕೆ.

ಅತ್ತೆಗೆ ವಿಷಯ ತಿಳಿಸಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ಅದು ಬೇಡಮ್ಮ. ಯುಗಾದಿಗೆ ಅರ್ಧ ಹೋಳಿಗೆ ಕೊಟ್ಟುಬಿಡು" ಅಂದರು.