ಹಿಮಸಾಗರದ ವಿಹಾರಕ್ಕೂ ಒಂದು ಮಿತಿ ಬೇಕು

ದಕ್ಷಿಣ ಅಮೆರಿಕದ ಕೊನೆಯಂಚಿನಲ್ಲಿರುವ ಉಷುಆಯ ಎಂಬ ಬಂದರಿನಿಂದ ನವೆಂಬರ್ ಮೊದಲ್ಗೊಂಡು ಮಾರ್ಚ್ ತಿಂಗಳವರೆಗೆ, ಎಂದರೆ ಆ ಗೋಲಾರ್ಧದ ಬೇಸಗೆಯುದ್ದಕ್ಕೂ, ಅಂಟಾರ್ಕ್ಟಿಕದ ಕಡೆಗೆ ಹೊರಡುವ ವಿಹಾರನೌಕೆಗಳಿಗೆ ಈಗ ಬಿಡುವೆಂಬುದಿಲ್ಲ. 1966ರಲ್ಲಿ ಲಾರ್ಸ್-ಎರಿಕ್ ಲಿಂಡ್‌ಬ್ಲಾಡ್ ಎಂಬ ಸಾಹಸಿಯಾದ ಪ್ರವಾಸೋದ್ಯಮಿಯು ಬಾಡಿಗೆಗೆ ಹಿಡಿದ ಹಡಗೊಂದರಲ್ಲಿ ಸಣ್ಣದೊಂದು ತಂಡವನ್ನು ಅಲ್ಲಿಗೆ ಕರೆದೊಯ್ದಾಗ, ಧನಿಕರ ವಿಚಿತ್ರಾಭಿರುಚಿಯೆಂದು ಲೋಕ ನಕ್ಕು ಸುಮ್ಮನಾಗಿದ್ದಿರಬಹುದು. 2023–24ರ ಒಂದೇ ಋತುವಿನಲ್ಲಿ ಆ ನೀರನ್ನು ಹೊಕ್ಕ ಪ್ರವಾಸಿಗಳ ಸಂಖ್ಯೆ 1,20,000ವನ್ನು ಮೀರಿತೆಂದ ಮೇಲೆ ಇನ್ನು ನಗುವ ಹಾಗಿಲ್ಲ. ಇವರಲ್ಲಿ ಒಂದು ಪಾಲು ಜನ ದೊಡ್ಡ ಹಡಗುಗಳ ಮೇಲೆಯೇ ನಿಂತು ನೋಡಿ ಹಿಂದಿರುಗುವವರು. ಮಿಕ್ಕವರು ಆ ನೆಲದ ಮೇಲೆ ಕಾಲಿಟ್ಟು ಬರುವವರು.

ಈ ನೌಕಾಜೀವನದ ಸೊಗಸನ್ನು ಅಲ್ಲಗಳೆಯುವುದು ನನ್ನ ಉದ್ದೇಶವಲ್ಲ. ಬೀಗಲ್ ಕಾಲುವೆಯನ್ನು ದಾಟಿದೊಡನೆ ಎದುರಾಗುವ ಡ್ರೇಕ್ ಜಲಸಂಧಿಯು, ಭೂಮಂಡಲವನ್ನು ಸುತ್ತಿಬರುವ ಪಶ್ಚಿಮಮಾರುತಕ್ಕೆ ಆ ಅಕ್ಷಾಂಶದಲ್ಲಿ ಅಡ್ಡನಿಲ್ಲುವ ನೆಲವೇ ಇಲ್ಲದ ಕಾರಣ, ಜಗತ್ತಿನ ಅತಿ ಕ್ಷುಬ್ಧವಾದ ಕಡಲುಗಳಲ್ಲೊಂದೆಂದು ಹೆಸರಾದುದು. ಸುಮಾರು ಎರಡು ದಿನ ಹಿಡಿಯುವ ಆ ಹಾದಿಯಲ್ಲಿ ಊಟದ ಮನೆಯ ಕುರ್ಚಿಗಳನ್ನು ನೆಲಕ್ಕೆ ಸರಪಣಿಯಿಂದ ಬಿಗಿಯುತ್ತಾರೆ, ತಟ್ಟೆ ಜಾರದಂತೆ ಮೇಜಿನ ಮೇಲೆ ಒದ್ದೆ ಬಟ್ಟೆ ಹಾಸುತ್ತಾರೆ, ಓಣಿಯ ಕೈಯಾಸರೆಯ ಕಂಬಿಗಳ ಸಂದಿನಲ್ಲಿ ವಾಂತಿಯ ಚೀಲಗಳನ್ನು ಸಾಲಾಗಿ ಸಿಕ್ಕಿಸಿಡುತ್ತಾರೆ. ಯಾತ್ರಿಕರು ಕಿವಿಯ ಹಿಂದೆ ಔಷಧದ ಪಟ್ಟಿ ಅಂಟಿಸಿಕೊಂಡು ಮಲಗಿರುತ್ತಾರೆ. ಈ ಸುಂಕವನ್ನು ತೆತ್ತವರಿಗೆ ಆಚೆಯ ದಡದಲ್ಲಿ ದೊರೆಯುವ ದೃಶ್ಯವಾದರೋ ಸಾಮಾನ್ಯವಾದುದಲ್ಲ: ರಾತ್ರಿ ಹನ್ನೊಂದಾದರೂ ಆರದ ಬೆಳಕು, ನೀಲಿಯ ಒಳಹೊಳಪುಳ್ಳ ಹಿಮಶೈಲಗಳು, ಲೆಮೇರ್ ಕಾಲುವೆಯ ಎರಡು ಬದಿಗೂ ನೀರಿನಿಂದ ನೆಟ್ಟಗೆ ಎದ್ದ ಕರಿಯ ಬೆಟ್ಟಗಳು, ಹಡಗಿನ ಮೈಗೆ ತಾಗಿ ಕಿರುಗುಟ್ಟುತ್ತ ಸರಿಯುವ ಮಂಜುಗಡ್ಡೆಯ ಹಲಗೆಗಳು. ಇವನ್ನೆಲ್ಲ ಬೆಚ್ಚನೆಯ ಕೋಣೆಯಲ್ಲಿ, ಗಾಜಿನ ಈಚೆ, ಕಾಫಿಯ ಬಟ್ಟಲು ಹಿಡಿದು ನೋಡುವ ಸೌಕರ್ಯ, ನಡುನಡುವೆ ಹಿಮನದಿ, ತಿಮಿಂಗಿಲಗಳನ್ನು ಕುರಿತ ಉಪನ್ಯಾಸ, ಹೊತ್ತುಹೊತ್ತಿಗೆ ಮೃಷ್ಟಾನ್ನ. ವಿಹಾರನೌಕೆಗಳ ಅಡುಗೆಮನೆ, ಕೋಣೆಗಳ ಕೆಲಸದಲ್ಲಿ ನಮ್ಮ ಗೋವೆ, ಮಂಗಳೂರುಗಳ ಕಡೆಯವರೂ ಉಂಟು. ತಿಂಗಳುಗಟ್ಟಲೆ ಹಡಗಿನಲ್ಲೇ ಇರುವ ಇಂಥ ಕೆಲಸಗಾರರಿಗೆ ದಡಕ್ಕಿಳಿದು ಪೆಂಗ್ವಿನ್ ನೋಡುವಷ್ಟು ಬಿಡುವು ಎಷ್ಟು ಸಲ ಸಿಕ್ಕುತ್ತದೆಂಬುದನ್ನು ಕಂಪನಿಗಳ ಕರಪತ್ರಗಳು ಹೇಳುವುದಿಲ್ಲ.

ಯಾತ್ರೆಯ ಅತ್ಯಂತ ಗೌರವಾರ್ಹವಾದ ಭಾಗ, ನನ್ನ ಮಟ್ಟಿಗೆ, ದಡಕ್ಕೆ ಇಳಿಯುವ ಮುನ್ನ ನಡೆಯುವ ಶುಚಿಕಾರ್ಯ. ಹೊರಗೆ ತೊಡುವ ಅಂಗಿ, ಚೀಲ, ಕ್ಯಾಮರಾದ ಒರೆಗಳನ್ನೆಲ್ಲ ತಂದು ಸಾಲಾಗಿ ನಿಂತ ಯಾತ್ರಿಕರು, ಲಕ್ಷಾಧೀಶರೂ ಸೇರಿ, ಜೇಬುಗಳನ್ನು ಹೊರಮಗುಚಿ ವ್ಯಾಕ್ಯೂಮ್ ಕ್ಲೀನರಿನಿಂದ ಧೂಳು ತೆಗೆಯುತ್ತಾರೆ. ವೆಲ್ಕ್ರೋ ಪಟ್ಟಿಯಲ್ಲಿ ಸಿಕ್ಕಿಕೊಂಡ ಹುಲ್ಲಿನ ಬೀಜವೊಂದನ್ನು ಚಿಮಟದಿಂದ ಕೀಳುತ್ತಾರೆ. ಬೂಟಿನ ಅಟ್ಟೆಯ ಗೆರೆಗಳನ್ನು ಬ್ರಷ್ಷಿನಿಂದ ಉಜ್ಜಿ, ಕ್ರಿಮಿನಾಶಕದ ತೊಟ್ಟಿಯಲ್ಲಿ ಅದ್ದಿ, ಅನಂತರವೇ ಗಾಳಿ ತುಂಬಿದ ರಬ್ಬರ್ ದೋಣಿಗೆ ಕಾಲಿಡುತ್ತಾರೆ. ಹೊರಗಿನ ಒಂದು ಬೀಜ ಅಲ್ಲಿ ಬೇರೂರಬಾರದು, ಒಂದು ರೋಗಾಣು ಅಲ್ಲಿಯ ಹಕ್ಕಿಗಳಿಗೆ ತಗಲಬಾರದು. ಹಕ್ಕಿಜ್ವರದ ಭೀತಿ ಬಂದ ಮೇಲಂತೂ ದಡದಲ್ಲಿ ಕೂರುವುದಕ್ಕೂ ಮೊಣಕಾಲೂರುವುದಕ್ಕೂ ಅನುಮತಿಯಿಲ್ಲ.

ಕಟ್ಟಳೆಗಳಿಗೂ ಕೊರತೆಯಿಲ್ಲ. ಐನೂರಕ್ಕಿಂತ ಹೆಚ್ಚು ಯಾತ್ರಿಕರುಳ್ಳ ಹಡಗು ಯಾರನ್ನೂ ದಡಕ್ಕೆ ಇಳಿಸುವಂತಿಲ್ಲ. ಒಂದು ತಾಣದಲ್ಲಿ ಏಕಕಾಲಕ್ಕೆ ನೂರು ಮಂದಿಗಿಂತ ಹೆಚ್ಚು ಸಲ್ಲದು. ಇಪ್ಪತ್ತು ಮಂದಿಗೆ ಒಬ್ಬನಾದರೂ ಮಾರ್ಗದರ್ಶಿ ಇರತಕ್ಕದ್ದು. ಪೆಂಗ್ವಿನ್ನಿನಿಂದ ಐದು ಮೀಟರ್ ದೂರ ಕಾಯತಕ್ಕದ್ದು. 1991ರಲ್ಲಿ ಸ್ಥಾಪಿತವಾದ ಪ್ರವಾಸ ಸಂಸ್ಥೆಗಳ ಸಂಘವು ತನ್ನ ಸದಸ್ಯರಿಂದ ಇಂಥ ಶಿಸ್ತನ್ನು ನಡೆಸಿಕೊಂಡು ಬಂದಿರುವುದು ಶ್ಲಾಘ್ಯವೇ. ಆದರೆ ಹಕ್ಕಿಗೂ ಮನುಷ್ಯನಿಗೂ ನಡುವಿನ ಅಂತರವನ್ನು ಮೀಟರಿನಲ್ಲಿ ಅಳೆದುಕೊಟ್ಟವರಲ್ಲಿ ಯಾರೊಬ್ಬರೂ, ಒಂದು ಋತುವಿಗೆ ಒಟ್ಟು ಎಷ್ಟು ಮಂದಿ ಬರಬಹುದೆಂಬುದನ್ನು ಮಾತ್ರ ನಿಗದಿಮಾಡಿಲ್ಲ. ನೂರು ಮಂದಿ ಹಡಗು ಏರಿದ ಮೇಲೆ ಇನ್ನು ನೂರು ಮಂದಿ ಇಳಿಯುತ್ತಾರೆ. ಈ ಹಡಗು ಸರಿದ ಮೇಲೆ ಮತ್ತೊಂದು ಬರುತ್ತದೆ. ಖಂಡವು ಎಷ್ಟೇ ವಿಸ್ತಾರವಾದರೂ ಪ್ರವಾಸಿಗಳೆಲ್ಲ ಸೇರುವುದು ಬಹುಮಟ್ಟಿಗೆ ಅಂಟಾರ್ಕ್ಟಿಕ ಪರ್ಯಾಯದ್ವೀಪದ ಕೆಲವೇ ಕೊಲ್ಲಿಗಳಲ್ಲಿ, ಅದೂ ಪೆಂಗ್ವಿನ್ನುಗಳು ಮೊಟ್ಟೆಯಿಟ್ಟು ಮರಿಮಾಡುವ ತಿಂಗಳುಗಳಲ್ಲಿಯೇ. ಪ್ರತಿಯೊಬ್ಬನೂ ನಿಯಮವನ್ನು ಚಾಚೂತಪ್ಪದೆ ಪಾಲಿಸಿಯೂ ಒಟ್ಟು ಭಾರ ಏರುತ್ತಲೇ ಹೋಗುವ ಈ ವ್ಯವಸ್ಥೆಯಲ್ಲಿ, ಟಿಕೆಟು ಮಾರುವವರೇ ಟಿಕೆಟಿನ ಸಂಖ್ಯೆಗೆ ಮಿತಿ ಹಾಕಿಕೊಳ್ಳಲಿ ಎಂದು ಕಾಯುವುದು ವ್ಯವಹಾರಜ್ಞಾನವೆನ್ನಿಸದು.

ಅಪಾಯದ ಮಾತೂ ಇದೆ. ಲಿಂಡ್‌ಬ್ಲಾಡನಿಗಾಗಿಯೇ 1969ರಲ್ಲಿ ಕಟ್ಟಲ್ಪಟ್ಟು, ಮಂಜುಗಡ್ಡೆಯನ್ನು ತಾಳಿಕೊಳ್ಳುವಂತೆ ಬಲಪಡಿಸಲ್ಪಟ್ಟಿದ್ದ ‘ಎಕ್ಸ್‌ಪ್ಲೋರರ್’ ಹಡಗು 2007ರ ನವೆಂಬರಿನಲ್ಲಿ ದಕ್ಷಿಣ ಶೆಟ್ಲೆಂಡ್ ದ್ವೀಪಗಳ ಬಳಿ ಮಂಜುಗಡ್ಡೆಗೆ ತಾಗಿ ಮುಳುಗಿತು. ಅದರಲ್ಲಿದ್ದ 154 ಮಂದಿಯೂ ಗಂಟೆಗಟ್ಟಲೆ ತೆರೆದ ಕಡಲಲ್ಲಿ ಜೀವರಕ್ಷಕ ದೋಣಿಗಳಲ್ಲಿ ಕುಳಿತಿದ್ದು ಬದುಕಿಬಂದರೆ, ಅದಕ್ಕೆ ಆ ಹೊತ್ತಿನ ಶಾಂತ ಹವೆಯೂ, ದೈವವಶಾತ್ ಸಮೀಪದಲ್ಲಿದ್ದ ನಾರ್ವೆಯ ಹಡಗೂ ಕಾರಣ. ಒಡಲಲ್ಲಿದ್ದ ಡೀಸೆಲ್ ಎಣ್ಣೆ ಸಮುದ್ರದ ಪಾಲಾಯಿತು. ಉತ್ತರಧ್ರುವದ ಕಡೆಯೂ ಕಥೆ ಬೇರೆಯಲ್ಲ: 2023ರ ಸೆಪ್ಟೆಂಬರಿನಲ್ಲಿ ಗ್ರೀನ್‌ಲೆಂಡಿನ ಆಲ್ಪೆಫ್ಯೋರ್ಡ್ ಎಂಬಲ್ಲಿ 206 ಮಂದಿಯಿದ್ದ ‘ಓಷನ್ ಎಕ್ಸ್‌ಪ್ಲೋರರ್’ ನೆಲ ಕಚ್ಚಿದಾಗ, ಕೊನೆಗೆ ಅದನ್ನು ಎಳೆದು ಬಿಡಿಸಿದ್ದು ಮೀನುಗಾರಿಕೆಯ ಸಂಶೋಧನೆಗೆ ಮೀಸಲಾದ ಒಂದು ಹಡಗು. ಸಾವಿರಾರು ಮಂದಿಯನ್ನು ಹೊತ್ತ ನೌಕೆಯೊಂದು ಹೀಗೆ ಸಿಕ್ಕಿಬಿದ್ದರೆ ಅಷ್ಟು ಜನರನ್ನು ಹತ್ತಿಸಿಕೊಳ್ಳಬಲ್ಲ ಹಡಗು ಆ ನೀರಿನಲ್ಲಿ ಎಲ್ಲಿದ್ದೀತು?

ಕಂಡು ಬಂದವನು ಆ ಖಂಡದ ರಾಯಭಾರಿಯಾಗುತ್ತಾನೆ, ಅದರ ರಕ್ಷಣೆಗೆ ನಿಲ್ಲುತ್ತಾನೆ ಎಂಬುದು ಪ್ರವಾಸ ಸಂಸ್ಥೆಗಳ ಪ್ರಿಯವಾದ ವಾದ. ಕೆಲವರ ವಿಷಯದಲ್ಲಿ ಅದು ನಿಜವೂ ಇದ್ದೀತು. ಆದರೆ ಲಕ್ಷ ಮಂದಿ ರಾಯಭಾರಿಗಳನ್ನು ಕಳುಹಿಸುವ ಹಡಗುಗಳ ಹೊಗೆಮಸಿ ಬಿಳಿಯ ಹಿಮದ ಮೇಲೆ ಕುಳಿತು ಬಿಸಿಲನ್ನು ಹೀರಿಕೊಳ್ಳುತ್ತದೆ. 2022ರಲ್ಲಿ ಪ್ರಕಟವಾದ ಸಂಶೋಧನೆಯೊಂದು ಈ ಮಸಿಯಿಂದ, ಪ್ರವಾಸಿ ಒಬ್ಬನಿಗೆ ಸುಮಾರು 83 ಟನ್ನಿನಂತೆ, ಹಿಮ ಬೇಗ ಕರಗುವುದೆಂದು ಲೆಕ್ಕ ಹಾಕಿತು. ಭಾರವಾದ ಇಂಧನತೈಲವನ್ನು 2011ರಿಂದ ಅಲ್ಲಿ ನಿಷೇಧಿಸಿದ್ದು ಸರಿಯಾದ ಕ್ರಮವೇ; ಆದರೂ ಹಗುರ ತೈಲಕ್ಕೆ ಹೊಗೆಯಿಲ್ಲವೆಂದು ಯಾರೂ ಹೇಳಲಾರರು. ಪ್ರೀತಿಸಲು ಹೋಗಿ ಮುಟ್ಟಲೇಬೇಕೆಂಬ ನಿಯಮವಿಲ್ಲ.

ಈ ಮಾತಿಗೂ ನಮಗೂ ಏನು ಸಂಬಂಧವೆಂದು ಕೇಳುವವರಿದ್ದಾರೆ. ಭಾರತವು 1983ರಿಂದ ಅಂಟಾರ್ಕ್ಟಿಕ ಒಡಂಬಡಿಕೆಯಲ್ಲಿ ನಿರ್ಣಯಾಧಿಕಾರವುಳ್ಳ ರಾಷ್ಟ್ರ. ಮೈತ್ರಿ, ಭಾರತಿ ಎಂಬ ಎರಡು ಸಂಶೋಧನಾ ಕೇಂದ್ರಗಳು ನಮಗೆ ಅಲ್ಲಿ ಉಂಟು. 2022ರಲ್ಲಿ ನಮ್ಮ ಸಂಸತ್ತು ಅಂಟಾರ್ಕ್ಟಿಕ ಕಾಯಿದೆಯನ್ನೇ ಮಾಡಿತು. 2024ರ ಮೇ ತಿಂಗಳಲ್ಲಿ ಕೊಚ್ಚಿಯಲ್ಲಿ ನೆರೆದ ಒಡಂಬಡಿಕೆಯ ರಾಷ್ಟ್ರಗಳ ಸಭೆಯಲ್ಲಿಯೇ ಪ್ರವಾಸದ ನಿಯಂತ್ರಣಕ್ಕೆಂದು ಪ್ರತ್ಯೇಕ ಕಾರ್ಯತಂಡವೊಂದು ಮೊದಲ ಬಾರಿಗೆ ಕೆಲಸ ಮಾಡಿತು. ಅಲ್ಲಿ ನಿರ್ಣಯಗಳಾಗುವುದು ಸರ್ವಾನುಮತದಿಂದಾದ್ದರಿಂದ ಒಂದು ದೇಶ ಒಲ್ಲೆನೆಂದರೂ ಕೆಲಸ ಕೆಟ್ಟಿತೆಂಬುದು ನಿಜ; ಹಾಗೆಂದು ಪ್ರಸ್ತಾಪವನ್ನೇ ಮಾಡದಿರಲು ಅದು ನೆಪವಾಗಲಾರದು. ಮನೆಯಂಗಳದಲ್ಲಿ ಆರಂಭವಾದ ಈ ಕಾರ್ಯವನ್ನು ನಮ್ಮ ಪ್ರತಿನಿಧಿಗಳು ಮುಂದಕ್ಕೊಯ್ಯಬೇಕು: ಋತುವಿಗೆ ಇಷ್ಟೇ ಮಂದಿ ಎಂಬ ಗರಿಷ್ಠ ಸಂಖ್ಯೆಯನ್ನು ಲಿಖಿತವಾಗಿ ಸಭೆಯ ಮುಂದಿಡಬೇಕು, ಮತ್ತು ಆ ಸಂಖ್ಯೆ ಇಂದು ಹೋಗಿಬರುತ್ತಿರುವವರಿಗಿಂತ ಕಡಿಮೆಯದಾಗಿರಬೇಕು.