ತಾರೆಗಳನ್ನೋದುವ ಕಣ್ಣು

ನಮ್ಮ ಯಡ್ತರೆಯ ಕಡೆ ಇರುಳಿನಲ್ಲಿ ಕಡಲಿಗಿಳಿಯುತ್ತಿದ್ದ ಮೀನುಗಾರರಿಗೆ ಹಿಂದೆ ನಕ್ಷತ್ರಗಳೇ ದಾರಿದೀಪಗಳು. ಸೂರ್ಯಸಿದ್ಧಾಂತದ ಮೂರನೆಯ ಅಧ್ಯಾಯಕ್ಕೆ ತ್ರಿಪ್ರಶ್ನಾಧಿಕಾರವೆಂದು ಹೆಸರು. ದಿಕ್ಕು, ದೇಶ, ಕಾಲ ಇವೇ ಆ ಮೂರು ಪ್ರಶ್ನೆಗಳು. ಇಂದಿನ ಕೃತಕ ಉಪಗ್ರಹಗಳೂ ಇವಕ್ಕೆ ಉತ್ತರ ಕೊಡಲೇಬೇಕೆಂದರೆ ವಾಚಕರಿಗೆ ಆಶ್ಚರ್ಯವಾದೀತು.

ಉಪಗ್ರಹಕ್ಕೆ ಮೇಲು ಕೆಳಗೆಂಬ ಭೇದವಿಲ್ಲ. ತಾನು ಯಾವ ಕಡೆಗೆ ಮೊಗಮಾಡಿರುವೆನೆಂದು ಅರಿಯದಿದ್ದರೆ ಅದು ಭೂಮಿಯ ಚಿತ್ರವನ್ನು ನೆಟ್ಟಗೆ ತೆಗೆಯಲಾರದು, ಅದರ ಸಂದೇಶವು ನಮಗೆ ಮುಟ್ಟಲಾರದು. ಬಿರುಗಾಳಿಯ ಮುನ್ಸೂಚನೆಯನ್ನು ನಂಬಿ ದೋಣಿಯನ್ನು ಕಳುಹುವ ಮನೆಗಳಿಗೆ ಇದು ಸಣ್ಣ ಮಾತಲ್ಲ. ಆದುದರಿಂದ ಉಪಗ್ರಹದಲ್ಲಿ ನಕ್ಷತ್ರಸಂವೇದಕವೆಂಬ ಕಣ್ಣನ್ನಿಡುವರು. ಅದು ಆಕಾಶದ ಚಿತ್ರವನ್ನು ತೆಗೆದು, ತಾರೆಗಳ ನಡುವಣ ಕೋನಗಳನ್ನು ಅಳೆದು, ತನ್ನಲ್ಲಿರುವ ಪಟ್ಟಿಯೊಡನೆ ಹೋಲಿಸಿ ದಿಕ್ಕನ್ನು ನಿಶ್ಚಯಿಸುವುದು.

ಈ ಕಣ್ಣು ಬಲು ಬೆಲೆಯದು. ಮೇಲಾಗಿ ಉಡ್ಡಯನದಲ್ಲಿ ಪ್ರತಿಯೊಂದು ತೊಲದ ತೂಕಕ್ಕೂ ಲೆಕ್ಕವುಂಟು. ಸಣ್ಣ ಉಪಗ್ರಹಗಳಿಗೆ ಒಪ್ಪುವಂತೆ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯವರು ಸ್ಟಾರ್‌ಬೆರಿಸೆನ್ಸ್ ಎಂಬ ಅಗ್ಗದ ಸಂವೇದಕವನ್ನು ರಚಿಸಿದರು. ವಿದ್ಯಾರ್ಥಿಗಳೂ ಕೊಂಡು ಕಲಿಯುವ ರಾಸ್ಪ್‌ಬೆರಿ ಪೈ ಎಂಬ ಒಂದೇ ಹಲಗೆಯ ಗಣಕಯಂತ್ರವೇ ಅದರ ಮೆದುಳು. ಹೊಸಕೋಟೆಯ ಎಂ.ಜಿ.ಕೆ. ಮೆನನ್ ಪ್ರಯೋಗಾಲಯದಲ್ಲಿ ಅದನ್ನು ರಾಕೆಟ್ಟಿನ ನಡುಕಕ್ಕೂ ನಿರ್ವಾತದ ಶೀತೋಷ್ಣಗಳಿಗೂ ಒಡ್ಡಿ ಪರೀಕ್ಷಿಸಿದರು. 2023ನೆಯ ಏಪ್ರಿಲ್ 22ರಂದು ಅದು ಶ್ರೀಹರಿಕೋಟೆಯಿಂದ ಪಿ.ಎಸ್.ಎಲ್.ವಿ. ಸಿ-55ರಲ್ಲಿ ಮೇಲೇರಿತು. ಉಪಗ್ರಹಗಳನ್ನು ಕಕ್ಷೆಗೆ ಬಿಟ್ಟ ಬಳಿಕ ರಾಕೆಟ್ಟಿನ ಕಡೆಯ ಹಂತವೇ ಪ್ರಯೋಗಪೀಠವಾಯಿತು. ಚಿತ್ರಗ್ರಹಣ, ದಿಕ್ಕಿನ ಗಣನೆ ಎರಡೂ ಸರಿಯಾಗಿ ನಡೆದುವೆಂದು ಮೊದಲ ಫಲಗಳು ತಿಳಿಸಿದುವು.

ಇದರಲ್ಲಿ ಗೃಹಸ್ಥರಿಗೂ ಒಂದು ನೀತಿಯಿದೆ. ಮಡಕೆಯನ್ನು ಕೊಳ್ಳುವ ಗೃಹಿಣಿಯು ಕಾಸನ್ನು ಉಳಿಸುವಳು, ಆದರೆ ಬೆರಳಿನಿಂದ ತಟ್ಟಿ ನಾದವನ್ನು ಕೇಳದೆ ಮನೆಗೆ ತರಳು. ಮೇಲೇರಿದ ಯಂತ್ರವನ್ನಾದರೋ ಇಳಿಸಿ ದುರಸ್ತು ಮಾಡುವಂತಿಲ್ಲ. ಸಾಮಗ್ರಿಯಲ್ಲಿ ಮಿತವ್ಯಯವು ಸಾಧುವೇ. ಪರೀಕ್ಷೆಯಲ್ಲಿ ಮಾತ್ರ ಲೋಭವು ಸಲ್ಲದು.

ಮಕ್ಕಳಿಗೆ ಈ ವಿದ್ಯೆಯ ರುಚಿಯನ್ನು ಹತ್ತಿಸಲು ಹಣವೇ ಬೇಡ. ಏಪ್ರಿಲ್, ಮೇ ತಿಂಗಳುಗಳ ಮುನ್ನಿರುಳಿನಲ್ಲಿ ಉತ್ತರಕ್ಕೆ ಸಪ್ತರ್ಷಿಮಂಡಲವನ್ನು ತೋರಿಸಿರಿ. ಪುಲಹನಿಂದ ಕ್ರತುವಿಗೆ ಎಳೆದ ಗೆರೆಯನ್ನು ಮುಂದುವರಿಸಿದರೆ ಧ್ರುವತಾರೆಯು ಸಿಕ್ಕುವುದು. ಕೈಯನ್ನು ನೀಡಿ ಮುಷ್ಟಿಯಿಂದ ಅಳೆದರೆ ಅದು ನಮ್ಮೂರಿನಲ್ಲಿ ದಿಗಂತದಿಂದ ಸುಮಾರು ಒಂದೂವರೆ ಮುಷ್ಟಿ, ಅಂದರೆ 14 ಅಂಶಗಳಷ್ಟು ಮೇಲಿರುವುದು. ಅದೇ ನಮ್ಮೂರಿನ ಅಕ್ಷಾಂಶ. ಇಷ್ಟನ್ನು ಅಳೆದ ಮಗುವು ಮೂರು ಪ್ರಶ್ನೆಗಳಲ್ಲಿ ದಿಕ್ಕನ್ನು ಪೂರ್ತಿಯಾಗಿಯೂ ದೇಶವನ್ನು ಅರ್ಧದಷ್ಟೂ ಬಿಡಿಸಿದಂತಾಯಿತು.